ಲಾರಿ ಚಾಲಕರು ಮಾಲೀಕರಿಂದ ಬಾಕಿ ಸಂಬಳ ಪಡೆಯುವ ಬಗೆ: ಲೆಕ್ಕ, ದಾಖಲೆ, ದೂರು

ಲಾರಿ ಚಾಲಕರಿಗೂ ಮಾಲೀಕರಿಗೂ ನಡುವೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಟ್ರಿಪ್ ಮುಗಿಸಿ ಬಂದು ಲೆಕ್ಕ ಒಪ್ಪಿಸುವ ಹೊತ್ತಿನಲ್ಲಿ ಹುಟ್ಟುತ್ತವೆ. ಡೀಸೆಲ್ ಜಾಸ್ತಿ ಹೋಗಿದೆ, ಎರಡು ಮೂಟೆ ಶಾರ್ಟೇಜ್ ಬಂದಿದೆ, ಟಾರ್ಪಾಲು ಹರಿದಿದೆ, ಆರ್‌ಟಿಒ ದಂಡಕ್ಕೆ ರಸೀತಿ ಇಲ್ಲ ಎಂದು ಒಂದೊಂದಾಗಿ ಕಳೆಯುತ್ತಾ ಹೋದರೆ, ಕೊನೆಗೆ ಚಾಲಕನೇ ಮಾಲೀಕರಿಗೆ ಹಣ ಕೊಡಬೇಕು ಎಂಬಲ್ಲಿಗೆ ಲೆಕ್ಕ ಬಂದು ನಿಲ್ಲುತ್ತದೆ. ಬೇಸತ್ತು ಕೆಲಸ ಬಿಟ್ಟು ಕಾರ್ಮಿಕ ಇಲಾಖೆಗೆ ಹೋದವರಿಗೆ ಅಲ್ಲಿ ಎದುರಾಗುವ ಮೊದಲ ಪ್ರಶ್ನೆ, ಇವರ ಹತ್ತಿರ ನೀವು ಕೆಲಸ ಮಾಡಿದ್ದಕ್ಕೆ ದಾಖಲೆ ಏನಿದೆ ಎಂಬುದು. ಆ ಪ್ರಶ್ನೆಗೆ ಉತ್ತರವನ್ನು ಜಗಳ ಆದ ಮೇಲೆ ಹುಡುಕಿದರೆ ಸಿಗುವುದು ಕಷ್ಟ. ಕೆಲಸಕ್ಕೆ ಸೇರಿದ ದಿನದಿಂದಲೇ ಕೂಡಿಡುತ್ತಾ ಬಂದಿರಬೇಕು. ಆದ್ದರಿಂದ ಈ ಬರಹದ ಅರ್ಧ ಭಾಗ ದೂರು ಕೊಡುವುದಕ್ಕಿಂತ ಬಹಳ ಮುಂಚೆ ಮಾಡಬೇಕಾದ ಕೆಲಸಗಳಿಗೆ ಮೀಸಲಾಗಿದೆ.

ಮೊದಲು ಕಾನೂನಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳಬೇಕು, ಏಕೆಂದರೆ ಹಳೆಯ ಪುಸ್ತಕ ಹಿಡಿದು ಮಾತಾಡುವವರು ಇನ್ನೂ ಬಹಳ ಮಂದಿ ಇದ್ದಾರೆ. ಹಲವು ದಶಕ ಕಾಲ ಚಾಲಕರ ಕೆಲಸದ ಗಂಟೆ, ರಜೆ, ಓವರ್‌ಟೈಮ್ ಎಲ್ಲವೂ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯ ಕೆಳಗೆ ಇದ್ದವು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಸಂಬಳದ ವಿಷಯ 2019ರ ವೇತನ ಸಂಹಿತೆಗೂ, ಕೆಲಸದಿಂದ ತೆಗೆದುಹಾಕುವ ವಿಷಯ ಕೈಗಾರಿಕಾ ಸಂಬಂಧಗಳ ಸಂಹಿತೆಗೂ, ಅಪಘಾತ ಪರಿಹಾರ, ಭವಿಷ್ಯ ನಿಧಿ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಗ್ರ್ಯಾಚುಯಿಟಿಗಳು ಸಾಮಾಜಿಕ ಭದ್ರತಾ ಸಂಹಿತೆಗೂ, ಕೆಲಸದ ಗಂಟೆ ಮತ್ತು ಸೌಲಭ್ಯಗಳು ಔದ್ಯೋಗಿಕ ಸುರಕ್ಷತೆಯ ಸಂಹಿತೆಗೂ ಸೇರಿದವು. 1961ರ ಕಾಯ್ದೆ ಕನಿಷ್ಠ ಐದು ಮಂದಿ ಕೆಲಸಗಾರರಿರುವ ಸಂಸ್ಥೆಗೇ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಬಂದ ಸಂಹಿತೆ ಆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿದೆ. ಎರಡು ಮೂರು ಲಾರಿ ಇಟ್ಟುಕೊಂಡ ಮಾಲೀಕರೇ ಹೆಚ್ಚಾಗಿರುವ ಈ ದಂಧೆಯಲ್ಲಿ ಇದು ಚಾಲಕರ ಪಾಲಿಗೆ ಹಿನ್ನಡೆಯೇ ಸರಿ. ಆದರೆ ವೇತನ ಸಂಹಿತೆಗೆ ಇಂಥ ತಲೆಲೆಕ್ಕದ ಮಿತಿ ಇಲ್ಲ. ಒಂದೇ ಲಾರಿಯ ಮಾಲೀಕರೂ ಒಬ್ಬನೇ ಚಾಲಕನಿಗೆ ಸಂಬಳವನ್ನು ಹೊತ್ತಿಗೆ ಸರಿಯಾಗಿ, ಮನಬಂದ ಕಡಿತವಿಲ್ಲದೆ ಕೊಡಲೇಬೇಕು. ಬಾಕಿ ವಸೂಲಿಗೆ ನಿಮಗೆ ಮುಖ್ಯವಾಗಿ ಬೇಕಾಗುವುದು ಈ ಸಂಹಿತೆಯೇ.

ಕೆಲಸಕ್ಕೆ ಸೇರುವಾಗ

ನಿಮ್ಮ ಮಾಲೀಕರು ಯಾರು ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೇಳಲು ವಿಚಿತ್ರವೆನಿಸಿದರೂ ತಕರಾರು ಬಂದಾಗ ಮೊದಲು ಜಾರಿಕೊಳ್ಳುವ ಅಂಶ ಇದೇ. ಲಾರಿಯ ಆರ್‌ಸಿ (ನೋಂದಣಿ ಪತ್ರ) ಒಬ್ಬರ ಹೆಸರಿನಲ್ಲಿರುತ್ತದೆ, ಸಂಬಳ ಅವರ ತಮ್ಮನ ಫೋನ್‌ಪೇಯಿಂದ ಬರುತ್ತದೆ, ಲೋಡ್ ಕೊಡುವುದು ಟ್ರಾನ್ಸ್‌ಪೋರ್ಟ್ ಆಫೀಸು, ಹೊರಡು ನಿಲ್ಲು ಎಂದು ಫೋನಿನಲ್ಲಿ ಹೇಳುವುದು ಅಲ್ಲಿನ ಸೂಪರ್‌ವೈಸರ್. ವಾಹನದ ನಂಬರು ಹಾಕಿದರೆ ಪರಿವಾಹನ್ ತಾಣದಲ್ಲಿ ನೋಂದಣಿಯ ವಿವರ ಸಿಗುತ್ತದೆ, ಆದರೆ ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಅಲ್ಲಿ ಮರೆಮಾಡಿರುತ್ತಾರೆ. ಲಾರಿಯಲ್ಲೇ ಇರುವ ಆರ್‌ಸಿ, ವಿಮಾ ಪಾಲಿಸಿ ಮತ್ತು ಪರ್ಮಿಟ್‌ಗಳ ಫೋಟೋವನ್ನು ಸೇರಿದ ದಿನವೇ ತೆಗೆದಿಟ್ಟುಕೊಂಡರೆ ಮಾಲೀಕರ ಪೂರ್ತಿ ಹೆಸರು, ವಿಳಾಸ, ವಿಮೆಯ ನಂಬರು ಮೂರೂ ಕೈಗೆ ಸಿಕ್ಕಂತೆ. ಮುಂದೆ ಅಪಘಾತವೇನಾದರೂ ಆದರೆ ಆ ಪಾಲಿಸಿಯ ಫೋಟೋ ನಿಮ್ಮ ಮನೆಯವರಿಗೆ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ನೇಮಕಾತಿ ಪತ್ರ ಕೇಳಿ. ದೊಡ್ಡ ಕಂಪನಿಗಳು ಕೊಡುತ್ತವೆ, ಸಣ್ಣ ಮಾಲೀಕರು ನಗುತ್ತಾರೆ. ಕೊಡದಿದ್ದರೆ ಅದೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ನೀವೇ ಒಂದು ಸಂದೇಶ ಹಾಕಿ: 'ಅಣ್ಣಾ, ಇವತ್ತಿನಿಂದ ನಿಮ್ಮ ಗಾಡಿಗೆ ಡ್ಯೂಟಿಗೆ ಬಂದಿದ್ದೀನಿ. ಮಾತಾಡಿದಂತೆ ತಿಂಗಳಿಗೆ ಇಷ್ಟು ಸಂಬಳ, ದಿನಕ್ಕೆ ಇಷ್ಟು ಬಾಟಾ, ಎರಡು ದಿನಕ್ಕಿಂತ ಹೆಚ್ಚು ನಿಂತರೆ ಹಾಲ್ಟಿಂಗ್ ಬೇರೆ.' ಅವರು ಸರಿ ಎಂದರೂ, ಬರೀ ಹೆಬ್ಬೆರಳಿನ ಚಿತ್ರ ಹಾಕಿದರೂ ಅದು ಒಪ್ಪಂದದ ಸಾಕ್ಷಿಯಾಗಿ ಉಳಿಯುತ್ತದೆ. ಸಂಬಳ ಎಷ್ಟು, ಬಾಟಾ (ದಾರಿ ಖರ್ಚಿನ ದಿನಭತ್ಯೆ) ಎಷ್ಟು ಎಂದು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಸಂಬಳವನ್ನು ಹೆಸರಿಗೆ ಮಾತ್ರ ಇಟ್ಟು ಉಳಿದದ್ದನ್ನೆಲ್ಲ ಬಾಟಾ, ಖರ್ಚು, ಕಮಿಷನ್ ಎಂದು ಕೊಡುವುದು ಈ ದಂಧೆಯ ರೂಢಿ. ಹೀಗಾದರೆ ಭವಿಷ್ಯ ನಿಧಿ, ಗ್ರ್ಯಾಚುಯಿಟಿ, ಅಪಘಾತ ಪರಿಹಾರ ಎಲ್ಲವೂ ಆ ಸಣ್ಣ ಸಂಬಳದ ಮೇಲೆಯೇ ಲೆಕ್ಕವಾಗುತ್ತವೆ. ಹೊಸ ಸಂಹಿತೆಯ ಪ್ರಕಾರ ಇಂಥ ಭತ್ಯೆಗಳು ಒಟ್ಟು ಕೊಡುವ ಹಣದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಎಣಿಸಬೇಕು.

ಅಸಲು ಡ್ರೈವಿಂಗ್ ಲೈಸೆನ್ಸನ್ನು ಮಾಲೀಕರ ಕೈಗೆ ಒತ್ತೆ ಇಡಬೇಡಿ. ಅದನ್ನು ಇಟ್ಟುಕೊಳ್ಳುವ ಅಧಿಕಾರ ಯಾವ ಕಾನೂನಿನಲ್ಲಿಯೂ ಮಾಲೀಕರಿಗೆ ಇಲ್ಲ. ಈಗಾಗಲೇ ಕೊಟ್ಟಿದ್ದು ಅವರು ಹಿಂದಿರುಗಿಸದಿದ್ದರೆ ಠಾಣೆಯಲ್ಲಿ ದೂರು ಬರೆದುಕೊಟ್ಟು ಅದರ ಸ್ವೀಕೃತಿ ಪಡೆಯಿರಿ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಲೈಸೆನ್ಸ್ ತಪಾಸಣೆಯಲ್ಲಿ ಅಸಲಿಗೆ ಸಮಾನವಾದ್ದರಿಂದ ಅಷ್ಟರಲ್ಲಿ ಬೇರೆ ಕಡೆ ದುಡಿಯಲು ಅಡ್ಡಿಯಾಗುವುದಿಲ್ಲ. ಇದೇ ರೀತಿ, ಕೈಗಡವಾಗಿ ಅಡ್ವಾನ್ಸ್ ತೆಗೆದುಕೊಂಡವರನ್ನು ಅದು ತೀರುವ ತನಕ ಗಾಡಿ ಬಿಟ್ಟು ಹೋಗುವಂತಿಲ್ಲ ಎಂದು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯ. ಕೊಟ್ಟ ಸಾಲವನ್ನು ಮಾಲೀಕರು ವಾಪಸು ಕೇಳಬಹುದು, ದಾವೆ ಹೂಡಬಹುದು. ಸಾಲದ ಹೆಸರಿನಲ್ಲಿ ಮನುಷ್ಯನನ್ನು ದುಡಿಸಿಕೊಳ್ಳುವಂತಿಲ್ಲ. ಅಂಥ ಒತ್ತಾಯ ಬಂದರೆ ದೂರು ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ.

ಟ್ರಿಪ್ಪಿನ ಲೆಕ್ಕ

ಒಂದು ಟ್ರಿಪ್ಪನ್ನೇ ಹತ್ತಿರದಿಂದ ನೋಡೋಣ. ಯಶವಂತಪುರದಿಂದ ಮುಂಬೈಗೆ ಹೋಗಿಬರುವ ಹತ್ತು ಚಕ್ರದ ಲಾರಿ ಎಂದುಕೊಳ್ಳಿ. ಹೋಗಿಬರುವ ದೂರ 1,960 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಲೀಟರಿಗೆ 4 ಕಿಲೋಮೀಟರ್ ಬರಬೇಕು ಎಂಬುದು ಮಾಲೀಕರ ಲೆಕ್ಕ, ಅಂದರೆ 490 ಲೀಟರ್. ಬಂದದ್ದು ಮೂರೂವರೆ, ಅಂದರೆ 560 ಲೀಟರ್ ಹೋಗಿದೆ. ವ್ಯತ್ಯಾಸ 70 ಲೀಟರ್; ಲೀಟರಿಗೆ 90 ರೂಪಾಯಿಯಂತೆ 6,300 ರೂಪಾಯಿಯನ್ನು ಚಾಲಕನ ಹೆಸರಿಗೆ ಹಚ್ಚುತ್ತಾರೆ. ಡೀಸೆಲ್ ಮಾರಿಕೊಂಡೆ ಎಂಬ ಮಾತು ಬಾಯಿಂದ ಬರದಿದ್ದರೂ ಲೆಕ್ಕದ ಅರ್ಥ ಅದೇ. ಆದರೆ ಹೋಗುವಾಗ ಎಷ್ಟು ಟನ್ ಇತ್ತು, ಬರುವಾಗ ಖಾಲಿ ಬಂದಿತೋ ಲೋಡ್ ಇತ್ತೋ, ಖಂಬಾಟ್ಕಿ ಮತ್ತು ಖಂಡಾಲ ಘಾಟಿಯಲ್ಲಿ ಎಷ್ಟು ಹೊತ್ತು ಫಸ್ಟ್ ಗೇರಿನಲ್ಲಿ ತೆವಳಿತು, ಗೋದಾಮಿನ ಮುಂದೆ ಎಂಜಿನ್ ಆನ್ ಇಟ್ಟು ಎಷ್ಟು ಹೊತ್ತು ಸರತಿಯಲ್ಲಿ ನಿಂತಿತು, ಟೈರಿನಲ್ಲಿ ಗಾಳಿ ಎಷ್ಟಿತ್ತು, ಏರ್ ಫಿಲ್ಟರ್ ಬದಲಿಸಿ ಎಷ್ಟು ದಿನವಾಗಿತ್ತು ಎಂಬುದರ ಮೇಲೆ ಮೈಲೇಜು ನಿಂತಿದೆ. ಇವುಗಳಲ್ಲಿ ಚಾಲಕನ ಕೈಯಲ್ಲಿರುವುದು ಒಂದೆರಡು ಮಾತ್ರ.

ಈ ವಾದವನ್ನು ಬಾಯಿಮಾತಿನಲ್ಲಿ ಗೆಲ್ಲಲಾಗುವುದಿಲ್ಲ. ಹೊರಡುವ ಮುನ್ನ ಟ್ಯಾಂಕ್ ಫುಲ್ ಮಾಡಿಸಿ ಓಡೋಮೀಟರಿನ ಫೋಟೋ ತೆಗೆಯಿರಿ. ಪ್ರತಿ ಬಂಕಿನಲ್ಲಿಯೂ ಲೀಟರ್ ನಮೂದಿಸಿದ ಬಿಲ್ಲು ಪಡೆದು, ಬಿಲ್ಲನ್ನು ಮೀಟರಿನ ಪಕ್ಕಕ್ಕೆ ಹಿಡಿದು ಒಂದೇ ಫೋಟೋದಲ್ಲಿ ಎರಡೂ ಬರುವಂತೆ ನೋಡಿಕೊಳ್ಳಿ. ವಾಪಸು ಬಂದ ಮೇಲೆ ಮತ್ತೆ ಫುಲ್ ಮಾಡಿಸಿ. ಬಂಕಿನ ಬಿಲ್ಲಿನ ಶಾಯಿ ಕೆಲವೇ ವಾರಗಳಲ್ಲಿ ಮಾಸುತ್ತದೆ, ಆದ್ದರಿಂದ ಚೀಟಿಯನ್ನಷ್ಟೇ ನಂಬಬೇಡಿ. ತೂಕದ ಚೀಟಿಯ ಫೋಟೋವೂ ಇದರ ಜೊತೆಗಿರಲಿ, 28.5 ಟನ್ ಒಟ್ಟು ತೂಕದ ಮಿತಿಯಿರುವ ಗಾಡಿ 33 ಟನ್ ಹೊತ್ತು ಘಾಟಿ ಹತ್ತಿದೆ ಎಂಬುದಕ್ಕೆ ಆ ಚೀಟಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಅಡ್ವಾನ್ಸ್ ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು ಎಂಬುದನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕದ ಸಮೇತ ಬರೆಯಿರಿ. ಹಮಾಲಿ, ಪಂಕ್ಚರ್, ಪಾರ್ಕಿಂಗ್, ತೂಕದ ಶುಲ್ಕ, ಊಟ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. ರಸೀತಿ ಇಲ್ಲದ ಖರ್ಚುಗಳು ಈ ರಸ್ತೆಗಳಲ್ಲಿ ಇದ್ದೇ ಇರುತ್ತವೆ, ಅವು ಯಾವುವು ಎಂದು ಎರಡೂ ಕಡೆಯವರಿಗೆ ಗೊತ್ತು. ಅವನ್ನು ಕೊಡುವ ಮೊದಲು ಮಾಲೀಕರಿಗೆ ಫೋನ್ ಮಾಡಿ ಹೇಳಿ, ಕೂಡಲೇ ಸಂದೇಶವಾಗಿಯೂ ಹಾಕಿದರೆ ಆಮೇಲೆ 'ನನಗೆ ಗೊತ್ತೇ ಇಲ್ಲ' ಎಂಬ ಮಾತಿಗೆ ಎಡೆ ಇರುವುದಿಲ್ಲ. ಟ್ರಿಪ್ ಮುಗಿದ ಮೇಲೆ ಆಫೀಸಿನ ಟ್ರಿಪ್ ಶೀಟಿಗೆ ಸಹಿ ಹಾಕುವ ಮುನ್ನ ಅದರ ಫೋಟೋ ತೆಗೆಯಿರಿ. ಒಪ್ಪಿಗೆ ಇಲ್ಲದ ಕಡಿತ ಅದರಲ್ಲಿ ಇದ್ದರೆ ಸಹಿಯ ಪಕ್ಕದಲ್ಲಿ 'ಡೀಸೆಲ್ ಕಡಿತಕ್ಕೆ ಒಪ್ಪಿಗೆ ಇಲ್ಲ' ಎಂದು ಬರೆದೇ ಸಹಿ ಮಾಡಿ. ಖಾಲಿ ವೋಚರಿಗೆ ಸಹಿ ಹಾಕುವುದು ಬೇಡವೇ ಬೇಡ.

ಮಾಲು ಇಳಿಸಿದ ಕಡೆಯೂ ಎಚ್ಚರ ಬೇಕು. ಲಾರಿ ರಸೀತಿಯ (ಮಾಲು ಸಾಗಣೆಯ ಚೀಟಿ) ಹಿಂದೆ ಪಾರ್ಟಿಯವರು, ಅಂದರೆ ಮಾಲು ಪಡೆಯುವವರು, ಶಾರ್ಟೇಜ್ ಎಂದು ಬರೆದರೆ ಎಷ್ಟು ಮೂಟೆ, ಸೀಲ್ ಸರಿಯಾಗಿತ್ತೋ ಇಲ್ಲವೋ, ತೂಕ ಹಾಕಿದ್ದು ಯಾವ ವೇಬ್ರಿಡ್ಜಿನಲ್ಲಿ ಎಂಬುದನ್ನೂ ಅಲ್ಲೇ ಬರೆಸಿ. ಸೀಲ್ ಮುರಿಯುವ ಮೊದಲೊಂದು, ಬಾಗಿಲು ತೆರೆದ ಕೂಡಲೆ ಇನ್ನೊಂದು ಫೋಟೋ ತೆಗೆಯಿರಿ. ಲೋಡ್ ಮಾಡುವಾಗ ನಿಮ್ಮನ್ನು ಒಳಗೆ ಬಿಡದೆ ಎಣಿಕೆ ಮಾಡಿದ್ದರೆ ಹೊರಡುವ ಮೊದಲೇ ಆ ಸಂಗತಿಯನ್ನು ಮಾಲೀಕರಿಗೆ ತಿಳಿಸಿ. ಪಾರ್ಟಿ ಬಾಡಿಗೆಯಲ್ಲಿ ಹಿಡಿದ ಹಣವನ್ನು ಮಾಲೀಕರು ಚಾಲಕನ ಮೇಲೆ ಹಾಕುವುದು ಹೆಚ್ಚಾಗಿ ದುರುದ್ದೇಶದಿಂದಲ್ಲ. ಲಾರಿಯ ಕಂತು ಕಟ್ಟಬೇಕಾದ, ಪಾರ್ಟಿಯನ್ನು ಎದುರು ಹಾಕಿಕೊಳ್ಳಲಾಗದ ಸಣ್ಣ ಮಾಲೀಕರಿಗೆ ಕೈಗೆ ಸಿಗುವವನು ಚಾಲಕನೊಬ್ಬನೇ. ನಿಮ್ಮ ಹತ್ತಿರ ಫೋಟೋ ಇದ್ದರೆ ಅದನ್ನೇ ಹಿಡಿದು ಅವರೂ ಪಾರ್ಟಿಯ ಜೊತೆ ವಾದಿಸಬಹುದು.

ಯಾವ ಕಡಿತ ಸರಿ, ಯಾವುದು ತಪ್ಪು

ಚಾಲಕನ ವಶಕ್ಕೆ ಒಪ್ಪಿಸಿದ ಮಾಲು ಅಥವಾ ಹಣ ಅವನ ನೇರ ನಿರ್ಲಕ್ಷ್ಯದಿಂದ ನಷ್ಟವಾದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ಹಾಗೆ ಹಿಡಿಯುವ ಮುನ್ನ ಕಾರಣ ಹೇಳಲು ಅವನಿಗೆ ಅವಕಾಶ ಕೊಡಬೇಕು, ಹಿಡಿಯುವ ಮೊತ್ತ ನಿಜವಾದ ನಷ್ಟವನ್ನು ಮೀರಬಾರದು. ಎಲ್ಲ ಬಗೆಯ ಕಡಿತಗಳೂ ಸೇರಿ ಆ ಅವಧಿಯ ಸಂಬಳದ ಅರ್ಧವನ್ನು ದಾಟುವಂತಿಲ್ಲ. ತಪ್ಪಿಗೆ ದಂಡ ಎಂದು ಹಾಕುವುದಾದರೆ ಅದಕ್ಕೂ ಮಿತಿಯಿದೆ: ಆ ಸಂಬಳದ ಅವಧಿಯ ಒಟ್ಟು ದಂಡ ಸಂಬಳದ ನೂರಕ್ಕೆ 3ಕ್ಕಿಂತ ಹೆಚ್ಚಾಗಬಾರದು, ಕಂತುಗಳಲ್ಲಿ ವಸೂಲು ಮಾಡಬಾರದು, 90 ದಿನ ಕಳೆದ ಮೇಲೆ ವಸೂಲು ಮಾಡಲೇಬಾರದು. ಮೇಲಿನ 6,300 ರೂಪಾಯಿಯನ್ನು ಈ ಅಳತೆಗೆ ಇಟ್ಟು ನೋಡಿದರೆ, ಕಾರಣ ಕೇಳದೆ ಸರಾಸರಿ ಮೈಲೇಜಿನ ಮೇಲೆ ಕಳೆದ ಹಣ ನಿಲ್ಲುವುದಿಲ್ಲ ಎಂಬುದು ಸ್ಪಷ್ಟ.

ಓವರ್‌ಲೋಡ್ ದಂಡದ ವಿಷಯದಲ್ಲಿ ಬಹಳ ಗೊಂದಲ ಇದೆ. ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಂತೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿಯಂತೆ ದಂಡ ಬೀಳುತ್ತದೆ. 5 ಟನ್ ಹೆಚ್ಚಿದ್ದರೆ 30,000 ರೂಪಾಯಿ. ಆ ಕಲಂ ಓಡಿಸಿದವರನ್ನಷ್ಟೇ ಹೇಳುವುದಿಲ್ಲ, ಓಡಿಸಲು ಕಾರಣರಾದವರನ್ನೂ ಬಿಟ್ಟವರನ್ನೂ ಹೇಳುತ್ತದೆ. ಬಾಡಿಗೆಯ ಆಸೆಗೆ ಮಾಲೀಕರೇ ಹೇರಿಸಿದ ಲೋಡಿನ ದಂಡವನ್ನು ಚಾಲಕನ ಸಂಬಳದಿಂದ ತೆಗೆಯುವುದಕ್ಕೆ ಆಧಾರವಿಲ್ಲ. ತೂಕದ ಚೀಟಿ ಬಂದ ಕೂಡಲೆ ಅದರ ಫೋಟೋ ಹಾಕಿ 'ಇಷ್ಟು ಹೆಚ್ಚಿದೆ, ಹೊರಡಲೇ?' ಎಂದು ಕೇಳಿಡಿ. ಹೊರಡು ಎಂಬ ಉತ್ತರ ಬಂದರೆ ಜವಾಬ್ದಾರಿ ಯಾರದೆಂದು ಅಲ್ಲಿಗೆ ದಾಖಲಾಯಿತು. ವೇಗದ ಮಿತಿಗೂ ಇದೇ ಮಾತು ಸಲ್ಲುತ್ತದೆ: ಚಾಲಕನಿಂದ ಮಿತಿ ಮೀರಿ ಓಡಿಸುವ ಮಾಲೀಕರೂ 183ನೆಯ ಕಲಮಿನ ಕೆಳಗೆ ಹೊಣೆಗಾರರು. ಆದರೆ ಸೀಟ್ ಬೆಲ್ಟ್ ಹಾಕದ್ದಕ್ಕೆ, ಫೋನಿನಲ್ಲಿ ಮಾತಾಡಿದ್ದಕ್ಕೆ ಬಿದ್ದ ದಂಡವನ್ನು ಮಾಲೀಕರ ತಲೆಗೆ ಕಟ್ಟಲು ಹೋಗಬೇಡಿ.

ಗಂಟೆ, ನಿದ್ದೆ, ಕಾಯುವಿಕೆ

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬುದು ಮೂಲ ನಿಯಮ. ದೂರದ ಮಾರ್ಗಗಳಿಗೆ ಅನುಮತಿಯ ಮೇಲೆ ದಿನಕ್ಕೆ 10, ವಾರಕ್ಕೆ 54 ಗಂಟೆಯ ತನಕ 1961ರ ಕಾಯ್ದೆ ಅವಕಾಶ ಕೊಟ್ಟಿತ್ತು. ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ ಅದರಲ್ಲಿಯೇ ಇದ್ದವು. ಸಾರಿಗೆ ವಾಹನ ಓಡಿಸುವವರ ಕೆಲಸದ ಗಂಟೆ ಆ ಕಾಯ್ದೆಯಂತೆಯೇ ಇರಬೇಕೆಂದು ಮೋಟಾರು ವಾಹನ ಕಾಯ್ದೆಯ 91ನೆಯ ಕಲಂ ಹೇಳುತ್ತದೆ. ಹೆಚ್ಚಿನ ಗಂಟೆಗೆ ಎರಡು ಪಟ್ಟು ದರದಲ್ಲಿ ಸಂಬಳ ಕೊಡಬೇಕೆಂಬುದು ಹಳೆಯ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ಇದೆ.

ಹೆದ್ದಾರಿಯಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಓವರ್‌ಟೈಮ್ ಕೇಳುವವರು ಎರಡು ಸಂಗತಿಗಳನ್ನು ಬೇರ್ಪಡಿಸಿ ದಾಖಲಿಸಬೇಕು. ಗಾಡಿ ಓಡಿದ ಹೊತ್ತು ಮತ್ತು ಅದಕ್ಕೆ ಸೇರಿದ ಕೆಲಸಗಳು, ಅಂದರೆ ಲೋಡ್ ನೋಡಿಕೊಳ್ಳುವುದು, ಹಗ್ಗ ಬಿಗಿಯುವುದು, ಟಾರ್ಪಾಲು ಹೊದಿಸುವುದು, ಕಾಗದಪತ್ರ ಮಾಡಿಸುವುದು, ಸಂದೇಹವಿಲ್ಲದೆ ಕೆಲಸದ ಗಂಟೆಗಳು. ಬರೀ ಹಾಜರಿದ್ದು ಕಾಯುವ ಹೊತ್ತಿನಲ್ಲಿ ಹಳೆಯ ಕಾಯ್ದೆ 15 ನಿಮಿಷಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಕೆಲಸವೆಂದು ಎಣಿಸುತ್ತಿತ್ತು. ನವಮಂಗಳೂರು ಬಂದರಿನ ಹೊರಗಾಗಲಿ, ಸಂಡೂರಿನ ಅದಿರು ಸರತಿಯಲ್ಲಾಗಲಿ ಒಂದಿಡೀ ದಿನ ಕಾಯುವವರಿಗೆ ಈ ಮಾತು ತೊಡಕಾಗುತ್ತದೆ. ಆದ್ದರಿಂದ ಹಾಲ್ಟಿಂಗ್ ಹಣವನ್ನು ಸೇರುವಾಗಲೇ ಮಾತಾಡಿ ಬರಹಕ್ಕೆ ಇಳಿಸಿರಬೇಕು. ಸರತಿಯಲ್ಲಿ ಗಾಡಿಯನ್ನು ಆಗಾಗ ಮುಂದಕ್ಕೆ ತೆಗೆಯಬೇಕಾಗಿತ್ತು, ಮಲಗಲು ಆಗಲಿಲ್ಲ ಎಂಬುದನ್ನೂ ಬರೆದಿಡಬೇಕು.

ಗಂಟೆಗಳಿಗೆ ಸಾಕ್ಷಿ ಗಾಡಿಯಲ್ಲಿಯೇ ಇದೆ. ಫಾಸ್ಟ್ಯಾಗ್ ಖಾತೆಯಲ್ಲಿ ಪ್ರತಿ ಟೋಲ್ ದಾಟಿದ ಹೊತ್ತು, ಜಿಪಿಎಸ್‌ನಲ್ಲಿ ಪ್ರತಿ ನಿಲುಗಡೆ ದಾಖಲಾಗಿರುತ್ತದೆ. ಎರಡೂ ಮಾಲೀಕರ ಕೈಯಲ್ಲಿದ್ದರೂ ವಿಚಾರಣೆಯಲ್ಲಿ ಅವನ್ನು ಹಾಜರುಪಡಿಸುವಂತೆ ನೀವು ಅರ್ಜಿ ಹಾಕಬಹುದು. ನಿಮ್ಮ ಕಡೆಯಿಂದ ಫೋನಿನ ಲೊಕೇಶನ್ ಇತಿಹಾಸ, ಗೇಟ್ ಪಾಸ್, ಇ-ವೇ ಬಿಲ್ಲಿನ (ಮಾಲು ಸಾಗಣೆಯ ಜಿಎಸ್‌ಟಿ ಪತ್ರ) ಪ್ರತಿ ಸಾಕು. ಫೋನಿನ ದಾಖಲೆಗಳನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುವುದರಿಂದ ಮೂಲ ಫೋನನ್ನು ಮಾರುವುದಾಗಲಿ, ಚಾಟ್ ಅಳಿಸುವುದಾಗಲಿ ಮಾಡಬೇಡಿ.

ಮೊದಲು ಪತ್ರ, ಆಮೇಲೆ ದೂರು

ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಬರಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಬೇಕು. ಆಗದಿದ್ದರೆ ಮೊದಲು ಒಂದು ಪತ್ರ ಬರೆಯಿರಿ. ಬೈಗುಳ, ಬೆದರಿಕೆ, ಹಳೆಯ ಪುರಾಣ ಏನೂ ಬೇಡ. ಈ ಮಾದರಿಯನ್ನು ನಿಮ್ಮ ವಿವರಗಳಿಗೆ ಹೊಂದಿಸಿಕೊಳ್ಳಬಹುದು:

'ಮಾನ್ಯರೇ, ನಾನು ತಮ್ಮ ಈ ನೋಂದಣಿ ಸಂಖ್ಯೆಯ ಲಾರಿಯಲ್ಲಿ ಇಂಥ ದಿನಾಂಕದಿಂದ ಚಾಲಕನಾಗಿ ಕೆಲಸ ಮಾಡಿರುತ್ತೇನೆ. ತಿಂಗಳಿಗೆ ಇಷ್ಟು ಸಂಬಳ ಮತ್ತು ದಿನಕ್ಕೆ ಇಷ್ಟು ಬಾಟಾ ಎಂದು ನಮ್ಮಲ್ಲಿ ಒಪ್ಪಂದವಾಗಿತ್ತು. ಈ ಎರಡು ತಿಂಗಳ ಸಂಬಳದಲ್ಲಿ ಇಷ್ಟು ಮತ್ತು ಇಂಥ ಟ್ರಿಪ್ಪಿನ ಬಾಟಾದಲ್ಲಿ ಇಷ್ಟು ಹಣ ಬಾಕಿ ಇರುತ್ತದೆ. ಡೀಸೆಲ್ ನಷ್ಟವೆಂದು ಹಿಡಿದಿರುವ 6,300 ರೂಪಾಯಿಗಳ ಬಗ್ಗೆ ನನ್ನಿಂದ ಯಾವ ವಿವರಣೆಯನ್ನೂ ಕೇಳಿರುವುದಿಲ್ಲ, ಆ ಕಡಿತಕ್ಕೆ ನನ್ನ ಒಪ್ಪಿಗೆ ಇರುವುದಿಲ್ಲ. ಟ್ರಿಪ್ ಶೀಟ್ ಮತ್ತು ಬಿಲ್ಲುಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಬಾಕಿ ಹಣವನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು, ತಪ್ಪಿದಲ್ಲಿ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಿಸುತ್ತೇನೆಂದು ತಿಳಿಸುತ್ತೇನೆ.'

ಇದನ್ನು ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿಯೇ ಸೇರಿಹೋಗಿದೆ. ಅದೇ ಪತ್ರದ ಫೋಟೋವನ್ನು ವಾಟ್ಸ್‌ಆ್ಯಪ್‌ಗೂ ಹಾಕಿ. ಲಾರಿಯನ್ನು ಮಾತ್ರ ಒತ್ತೆ ಹಿಡಿಯಬೇಡಿ: ಬಾಕಿ ಕೊಡುವ ತನಕ ಕೀಲಿ ಕೊಡುವುದಿಲ್ಲ ಎಂದು ಗಾಡಿಯನ್ನು ಊರಿನ ಹತ್ತಿರ ನಿಲ್ಲಿಸಿಕೊಂಡರೆ, ನ್ಯಾಯ ನಿಮ್ಮ ಕಡೆ ಇದ್ದರೂ ನಂಬಿಕೆದ್ರೋಹದ ಕೇಸಿನಲ್ಲಿ ಆರೋಪಿ ನೀವೇ ಆಗುತ್ತೀರಿ. ಗಾಡಿ, ಕೀಲಿ, ಕಾಗದಪತ್ರ, ಉಳಿದ ಹಣವನ್ನು ಒಪ್ಪಿಸಿ, ಸ್ಟೆಪ್ನಿ, ಜಾಕಿ, ಟಾರ್ಪಾಲು, ಹಗ್ಗ ಸಮೇತ ಪಟ್ಟಿ ಮಾಡಿ ಅದರ ಮೇಲೆ ಸಹಿ ತೆಗೆದುಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಗಾಡಿಯ ಸುತ್ತ ಒಂದು ವಿಡಿಯೋ ಮಾಡಿ.

15 ದಿನ ಕಳೆದರೂ ಹಣ ಬಾರದಿದ್ದರೆ ಮಾಲೀಕರ ಆಫೀಸು ಇರುವ ಜಿಲ್ಲೆಯ ಕಾರ್ಮಿಕ ಅಧಿಕಾರಿಗಳಿಗೆ ಅರ್ಜಿ ಕೊಡಿ. ತಾಲ್ಲೂಕು ಮಟ್ಟದಲ್ಲಿ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿಯೂ ವಿಚಾರಿಸಬಹುದು. ಇಲಾಖೆಯ ಸಹಾಯವಾಣಿ 155214. ಕ್ಲೇಮು ಹಾಕಲು ಮೂರು ವರ್ಷದ ಅವಧಿ ಇದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಅದು 12 ತಿಂಗಳು ಮಾತ್ರ ಇತ್ತು. ಸಂಬಳ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದು. ಹಾಗೆಂದು ನೀವು ಬರಿಗೈಯಲ್ಲಿ ಹೋಗುವಂತಿಲ್ಲ. ಇವರು ನನ್ನ ಚಾಲಕರೇ ಅಲ್ಲ ಎಂದು ಅವರು ಹೇಳಿದ ಕೂಡಲೆ ಕೆಲಸದ ಸಂಬಂಧವನ್ನು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಆಗ ಆರ್‌ಸಿ ಫೋಟೋ, ಯುಪಿಐ ಜಮೆಗಳು, ನಿಮ್ಮ ಹೆಸರಿರುವ ಲಾರಿ ರಸೀತಿ ಮತ್ತು ಗೇಟ್ ಪಾಸ್, ಆ ಗಾಡಿಯಲ್ಲಿ ನಿಮ್ಮ ಲೈಸೆನ್ಸಿನ ಮೇಲೆ ಬಿದ್ದ ಚಲನ್ ಎಲ್ಲವೂ ಕೆಲಸಕ್ಕೆ ಬರುತ್ತವೆ. ದಂಡದ ಚಲನ್ ಒಂದು ಉಪಕಾರವನ್ನೂ ಮಾಡುವುದು ಇಲ್ಲಿಯೇ.

ಒಪ್ಪಿಕೊಂಡ ಸಂಬಳವೇ ಕನಿಷ್ಠ ವೇತನಕ್ಕಿಂತ ಕಡಿಮೆ ಇದ್ದರೆ ಆ ವ್ಯತ್ಯಾಸವನ್ನೂ ಅರ್ಜಿಯಲ್ಲಿ ಸೇರಿಸಿ. ಕರ್ನಾಟಕದಲ್ಲಿ ತುಟ್ಟಿಭತ್ಯೆ ಏಪ್ರಿಲ್ 1ರಂದು ಬದಲಾಗುವುದರಿಂದ ಆಯಾ ವರ್ಷದ ದರವನ್ನು ಕಚೇರಿಯಲ್ಲಿಯೇ ಕೇಳಿ ಪಡೆಯಿರಿ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಕೈಗಾರಿಕಾ ಕೆಲಸಗಾರರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಕೆಲಸದಿಂದ ತೆಗೆದುಹಾಕಿದ್ದೇ ತಕರಾರಾದರೆ ದಾರಿ ಬೇರೆ. ಅದು ಸಂಧಾನಾಧಿಕಾರಿಯ ಮುಂದೆ ಆರಂಭವಾಗುತ್ತದೆ. 45 ದಿನಗಳಲ್ಲಿ ಬಗೆಹರಿಯದಿದ್ದರೆ ಚಾಲಕರೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು, ಆದರೆ ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಒಂದು ವರ್ಷದಲ್ಲಿ 240 ದಿನ ದುಡಿದವರನ್ನು ಕೆಲಸ ಕಡಿಮೆಯಾಯಿತು ಎಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಮಾಲೀಕರ ಸಂಘಗಳು ಮುಷ್ಕರ ಹೂಡಿ ಲಾರಿ ನಿಂತ ದಿನಗಳದು ಇನ್ನೊಂದು ಸಮಸ್ಯೆ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಬೆಲೆ ಮತ್ತು ಟೋಲ್ ವಿರುದ್ಧ ರಾಜ್ಯದಲ್ಲಿ ನಡೆದ ಮುಷ್ಕರದಂಥ ಸಂದರ್ಭಗಳಲ್ಲಿ ತಿಂಗಳ ಸಂಬಳದವರಿಗೆ ಸಂಬಳ ಕೇಳಲು ಆಧಾರ ಇರುತ್ತದೆ. ಟ್ರಿಪ್ ಲೆಕ್ಕದಲ್ಲಿ ದುಡಿಯುವವರು ಮೊದಲೇ ಮಾತಾಡಿರದಿದ್ದರೆ ಅವರ ಕೈಗೆ ಏನೂ ಬರುವುದಿಲ್ಲ.

ಕಳ್ಳತನದ ಆರೋಪ ಬಂದಾಗ

ಸಂಬಳ ಕೇಳಿದ ಚಾಲಕನ ಮೇಲೆ ಡೀಸೆಲ್ ಅಥವಾ ಮಾಲು ಕದ್ದ ದೂರು ಕೊಡುವುದು ಹಳೆಯ ಒತ್ತಡ ತಂತ್ರ. ಠಾಣೆಯಿಂದ ಫೋನ್ ಬಂದರೆ ತಲೆಮರೆಸಿಕೊಳ್ಳಬೇಡಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನಕ್ಕೆ ಸಕಾರಣ ಇಲ್ಲದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೆಯ ಕಲಮಿನಂತೆ ನೋಟಿಸ್ ಕೊಟ್ಟು ಕರೆಯಬೇಕೆಂಬುದು ನಿಯಮ. ನೋಟಿಸ್ ಕೇಳಿ ಪಡೆದು ವಕೀಲರ ಜೊತೆ ಹೋಗಿ, ನಿಮ್ಮ ಬೇಡಿಕೆ ಪತ್ರದ ಪ್ರತಿಯನ್ನು ಅಲ್ಲಿ ಕೊಡಿ. ನಿಮ್ಮ ಪತ್ರದ ತಾರೀಕು ಅವರ ದೂರಿಗಿಂತ ಹಿಂದಿನದಾಗಿದ್ದರೆ ಕಥೆಯ ಅರ್ಧ ಅಲ್ಲೇ ತಿಳಿಯುತ್ತದೆ. ಠಾಣೆಯ ಮೇಜಿನ ಮೇಲೆ 'ಇಷ್ಟು ಕೊಟ್ಟು ಮುಗಿಸಿಕೊಳ್ಳಿ' ಎಂಬ ರಾಜಿಗೆ ಒಂಟಿಯಾಗಿ ಸಹಿ ಹಾಕಬೇಡಿ.

ಅಪಘಾತವಾದರೆ

ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕರ ಕರ್ತವ್ಯ. ಆದರೆ ಜನ ಕೆರಳಿ ಮೈಮೇಲೆ ಬೀಳುವಂತಿದ್ದರೆ ಅಲ್ಲಿ ನಿಂತು ಹೊಡೆತ ತಿನ್ನಬೇಕೆಂದು ಕಾನೂನು ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ನೆಯ ಕಲಂ ಅಂಥ ಸ್ಥಿತಿಗೆ ವಿನಾಯಿತಿ ಕೊಟ್ಟಿದೆ. ಅಲ್ಲಿಂದ ಸರಿದ ಕೂಡಲೆ 112ಕ್ಕೆ ಕರೆ ಮಾಡಿ ಹತ್ತಿರದ ಠಾಣೆಗೆ ಹಾಜರಾಗಿ, ತಡವಾದರೂ 24 ಗಂಟೆಯೊಳಗೆ. ಅಪಘಾತ ಮಾಡಿ ತಿಳಿಸದೆ ಓಡಿಹೋದರೆ ಹತ್ತು ವರ್ಷದ ತನಕ ಶಿಕ್ಷೆ ಎನ್ನುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದಾದ್ಯಂತ ಚಾಲಕರು ಗಾಡಿ ನಿಲ್ಲಿಸಿದ್ದರು. ಉಳಿದ ಸಂಹಿತೆ 2024ರ ಜುಲೈ 1ರಂದು ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು.

ಗಾಯವೋ ಸಾವೋ ಚಾಲಕರಿಗೇ ಸಂಭವಿಸಿದರೆ ಯಾರ ತಪ್ಪು ಎಂಬುದು ನೌಕರರ ಪರಿಹಾರಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಕೆಲಸದ ಅವಧಿಯಲ್ಲಿ, ಕೆಲಸದ ಕಾರಣಕ್ಕೆ ಆಗಿದ್ದರೆ ಮಾಲೀಕರು ಹೊಣೆ. ಲಾರಿಯ ವಿಮೆ ಚಾಲಕನ ಪರಿಹಾರವನ್ನು ಒಳಗೊಂಡಿರಬೇಕಾದ್ದರಿಂದ ಹಣ ಬಹುತೇಕ ವಿಮಾ ಕಂಪನಿಯಿಂದ ಬರುತ್ತದೆ. ಮೊದಲು ಹೇಳಿದ ಪಾಲಿಸಿಯ ಫೋಟೋ ಮನೆಯವರ ಫೋನಿನಲ್ಲೂ ಇರಲಿ. ಸಾವಿಗೆ ತಿಂಗಳ ವೇತನದ ಅರ್ಧವನ್ನು, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ನೂರಕ್ಕೆ 60ನ್ನು ವಯಸ್ಸಿನ ಗುಣಕದಿಂದ ಗುಣಿಸುತ್ತಾರೆ. ಅರ್ಜಿಗೆ ಎರಡು ವರ್ಷದ ಗಡುವಿದೆ. ಇದಕ್ಕೋ ಮೋಟಾರು ಅಪಘಾತ ನ್ಯಾಯಮಂಡಳಿಗೋ ಒಂದಕ್ಕೆ ಮಾತ್ರ ಹೋಗಬಹುದಾದ್ದರಿಂದ, ಎದುರಿನ ವಾಹನದ ತಪ್ಪಿದ್ದರೆ ಯಾವುದು ಲಾಭಕರ ಎಂದು ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ.

ಡಿಕ್ಕಿಯೇ ಆಗದೆ ಹೃದಯಾಘಾತವಾದರೂ ದಾರಿ ಮುಚ್ಚಿಲ್ಲ. ದೆಹಲಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಿ, ಅಸ್ವಸ್ಥನಾಗಿ, ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಕುಸಿದು ತೀರಿಕೊಂಡ ಚಾಲಕನ ಕುಟುಂಬಕ್ಕೆ ಪರಿಹಾರ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2012ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ದೂರದ ಚಾಲನೆಯ ಒತ್ತಡವೇ ಸಾವಿಗೆ ಕಾರಣವಾಗಿರಬಹುದೆಂಬ ವಾದವನ್ನು ಅದು ಒಪ್ಪಿತು. ಆದ್ದರಿಂದ ಇಂಥ ಸಾವಿನಲ್ಲಿ ಮರಣೋತ್ತರ ಪರೀಕ್ಷೆ ಬೇಡವೆಂದು ಅವಸರದಲ್ಲಿ ಬರೆದುಕೊಡಬಾರದು, ಹಿಂದಿನ ಎರಡು ಮೂರು ದಿನಗಳ ಟೋಲ್ ಮತ್ತು ಜಿಪಿಎಸ್ ದಾಖಲೆಗಳನ್ನು ಕೂಡಲೇ ಕೇಳಬೇಕು. ಮಾಲೀಕರ ಹೊಣೆಗೆ ಸಂಬಂಧವಿಲ್ಲದೆ, ಖಾಸಗಿ ವಾಣಿಜ್ಯ ವಾಹನಗಳ ಚಾಲಕರು ಅಪಘಾತದಲ್ಲಿ ತೀರಿಕೊಂಡರೆ ರಾಜ್ಯದ ಯೋಜನೆಯಲ್ಲಿ ಕುಟುಂಬಕ್ಕೆ 5 ಲಕ್ಷ ರೂಪಾಯಿ ನೆರವಿದೆ. ಮೋಟಾರು ಸಾರಿಗೆ ಕಾರ್ಮಿಕರಿಗೆಂದೇ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. ಅಲ್ಲಿಯೂ ಕೇಂದ್ರ ಸರ್ಕಾರದ ಇ-ಶ್ರಮ್ ನೋಂದಣಿ ತಾಣದಲ್ಲಿಯೂ ಹೆಸರು ನೋಂದಾಯಿಸುವುದಕ್ಕೆ ಕೆಲಸ ಇಲ್ಲದೆ ಊರಿನಲ್ಲಿರುವ ಒಂದು ದಿನ ಸಾಕು.

ರಾಜಿ ಮತ್ತು ವಸೂಲಿ

ಬಹಳಷ್ಟು ಅರ್ಜಿಗಳು ಮೊದಲ ಅಥವಾ ಎರಡನೆಯ ವಿಚಾರಣೆಯಲ್ಲೇ ರಾಜಿಯಲ್ಲಿ ಮುಗಿಯುತ್ತವೆ, ಅದರಲ್ಲಿ ತಪ್ಪೇನಿಲ್ಲ. ಕೆಲಸ ಬಿಟ್ಟು ಪದೇ ಪದೇ ಕಚೇರಿಗೆ ಬರುವ ಖರ್ಚನ್ನು ಲೆಕ್ಕ ಹಾಕಿ, ಸಂಬಳದ ಬಾಕಿಯಲ್ಲಿ ಬಗ್ಗದೆ, ಹಾಲ್ಟಿಂಗ್ ಮತ್ತು ಓವರ್‌ಟೈಮಿನಲ್ಲಿ ಸ್ವಲ್ಪ ಬಿಟ್ಟುಕೊಡುವುದು ನನ್ನ ಸಲಹೆ. ಮೊತ್ತ, ಕಂತು, ತಾರೀಕು ಅಧಿಕಾರಿಯ ಮುಂದೆ ಬರಹವಾಗಲಿ, ಹಣ ಬ್ಯಾಂಕಿಗೇ ಬರಲಿ. 'ಎಲ್ಲ ಬಾಕಿ ತೀರಿದೆ' ಎಂಬ ಕಾಗದಕ್ಕೆ ಕೊನೆಯ ಕಂತು ಜಮೆಯಾದ ಮೇಲೆಯೇ ಸಹಿ ಹಾಕಿ. ರಾಜಿ ಆಗದೆ ಆದೇಶವಾದರೆ ಅಧಿಕಾರಿ ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಬಹುದು. ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಸಂಹಿತೆ ಹೇಳುತ್ತದೆ, ನಡೆಯುವಾಗ ಅದು ಎಳೆಯುವುದುಂಟು. ಆದೇಶವಾದರೂ ಮಾಲೀಕರು ಕೊಡದಿದ್ದರೆ ಸುಮ್ಮನೆ ಕೂರಬೇಡಿ. ವಸೂಲಾತಿ ಪ್ರಮಾಣಪತ್ರಕ್ಕೆ ಅದೇ ಕಚೇರಿಯಲ್ಲಿ ಅರ್ಜಿ ಹಾಕಿ. ಅದು ಜಿಲ್ಲಾಧಿಕಾರಿಗಳಿಗೆ ಹೋಗಿ, ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಆ ಅರ್ಜಿಯಲ್ಲಿ ಮಾಲೀಕರ ಲಾರಿಗಳ ನೋಂದಣಿ ಸಂಖ್ಯೆಗಳನ್ನು ನಮೂದಿಸಿ, ಏಕೆಂದರೆ ಕಂದಾಯ ಇಲಾಖೆಯ ಸಿಬ್ಬಂದಿಗೆ ಜಪ್ತಿ ಮಾಡಲು ಎಲ್ಲಕ್ಕಿಂತ ಬೇಗ ಸಿಗುವ ಆಸ್ತಿ ಅದೇ.